ಸಾಕುನಾಯಿಯ ಮಲಭಕ್ಷಣ: ಕಾರಣ ಮತ್ತು ಪರಿಹಾರ

ಮುಂಬಯಿ, ಪುಣೆಗಳಂತಹ ಮಹಾನಗರಗಳ ಎರಡು ಕೋಣೆಗಳ ಮನೆಯಲ್ಲಿ ನಾಯಿಯೂ ಕುಟುಂಬದ ಒಬ್ಬ ಸದಸ್ಯನೇ ಸರಿ. ಊರಿನ ಹಿತ್ತಿಲಲ್ಲಿ ಅದು ಏನು ತಿಂದಿತೆಂದು ಯಾರೂ ಗಮನಿಸುತ್ತಿರಲಿಲ್ಲ. ಇಲ್ಲಿ ಅದು ಮಕ್ಕಳ ಮಗ್ಗುಲಲ್ಲೇ ಮಲಗಿ ಅವರ ಕೈ ಮುಖಗಳನ್ನು ನೆಕ್ಕುತ್ತದೆ. ಆದುದರಿಂದ ಅದು ಮಲವನ್ನು ತಿನ್ನುವುದು ಕಣ್ಣಿಗೆ ಬಿದ್ದಾಗ ಮನೆಯವರು ಹೇಸಿ, ಅದನ್ನು ಬೇರೆಯವರಿಗೆ ಕೊಟ್ಟುಬಿಡಲು ಯೋಚಿಸುವುದೂ ಉಂಟು. ಅದಕ್ಕೆ ಮೊದಲು ಈ ಚಟದ ಮೂಲವನ್ನು ಅರಿಯುವುದು ಒಳಿತು.

ಮರಿ ಹಾಕಿದ ನಾಯಿಯು ಮೊದಲ ಕೆಲವು ವಾರ ಮರಿಗಳ ಮಲವನ್ನು ತಾನೇ ತಿಂದು ಅವು ಮಲಗುವ ಜಾಗವನ್ನು ಶುಚಿಯಾಗಿಡುತ್ತದೆ. ಇದು ಪ್ರಕೃತಿಧರ್ಮ. ಮರಿಗಳೂ ಕುತೂಹಲದಿಂದ ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಅನೇಕ ಮರಿಗಳು ಬೆಳೆದಂತೆ ಇದನ್ನು ಬಿಡುತ್ತವೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಸುಮಾರು 6 ನಾಯಿಗಳಲ್ಲಿ 1ಕ್ಕೆ ಈ ಚಟವಿದ್ದಿತು. ಅವು ಬಹುತೇಕ ತಿನ್ನುತ್ತಿದ್ದುದು 2 ದಿನಗಳೊಳಗಿನ ಮಲವನ್ನು. ಪರೋಪಜೀವಿ ಹುಳುಗಳ ಮೊಟ್ಟೆಗಳು ಸೋಂಕು ಹರಡುವ ಸ್ಥಿತಿಗೆ ಬರುವ ಮುನ್ನವೇ ನೆಲೆಯನ್ನು ಶುದ್ಧಿಗೊಳಿಸುತ್ತಿದ್ದ ತೋಳಗಳಿಂದ ಈ ಗುಣ ಬಂದಿರಬಹುದೆಂಬುದು ಅವರ ಊಹೆ. ಈ ಚಟಕ್ಕೆಂದೇ ಮಾರುವ ಪುಡಿ, ಗುಳಿಗೆಗಳು ಫಲಿಸಿದ್ದು ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ. ಗದರಿಸಿ ಅಟ್ಟುವುದರಿಂದಲೂ ಪ್ರಯೋಜನ ಅತ್ಯಲ್ಪವೇ.

ಬೆಳೆದ ನಾಯಿಯಲ್ಲಿ ಈ ಚಟ ಹಠಾತ್ತನೆ ಕಾಣಿಸಿಕೊಂಡರೆ ಮೊದಲು ಪಶುವೈದ್ಯರನ್ನು ಕಾಣಬೇಕು. ಹೊಟ್ಟೆಹುಳು, ಮಧುಮೇಹ, ಆಹಾರ ಜೀರ್ಣವಾಗದಿರುವ ವ್ಯಾಧಿಗಳು, ಹಸಿವನ್ನು ಹೆಚ್ಚಿಸುವ ಸ್ಟೆರಾಯ್ಡ್ ಔಷಧಿಗಳು ಇದಕ್ಕೆ ಕಾರಣವಾಗಬಲ್ಲವು. ಅನ್ಯ ನಾಯಿಗಳ ಮಲದಿಂದ ಹುಳುಗಳೂ ಪಾರ್ವೋ ವೈರಸ್ಸೂ ತಗಲುವ ಭಯವಿದೆ. ನಾಯಿಯ ದುಂಡುಹುಳುವಿನ ಮೊಟ್ಟೆಗಳು ಮಕ್ಕಳ ಹೊಟ್ಟೆಗೆ ಸೇರಿದರೆ ಕಣ್ಣಿಗೂ ಅಪಾಯ. ಆದುದರಿಂದ ಕಾಲಕಾಲಕ್ಕೆ ಹುಳುವಿನ ಔಷಧಿ ಕೊಡಿಸುವುದು, ಮಕ್ಕಳು ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯುವುದು ಅತ್ಯವಶ್ಯ.

ರೋಗವಿಲ್ಲವೆಂದು ತಿಳಿದ ಮೇಲೆ ಉಳಿಯುವುದು ಶಿಸ್ತಿನ ಪ್ರಶ್ನೆ. ಅವಕಾಶವನ್ನೇ ಇಲ್ಲವಾಗಿಸುವುದು ಇದರ ಮುಖ್ಯ ಸೂತ್ರ. ದಿನವೂ ನಿಗದಿತ ವೇಳೆಗೆ ಊಟ ಹಾಕಿದರೆ ವಿಸರ್ಜನೆಯ ವೇಳೆಯೂ ಬಹುಮಟ್ಟಿಗೆ ನಿಶ್ಚಿತವಾಗುತ್ತದೆ. ಆಗ ನಾಯಿಯನ್ನು ಸರಪಳಿಯಲ್ಲಿಯೇ ಹೊರಗೆ ಕರೆದೊಯ್ಯಬೇಕು. ವಿಸರ್ಜನೆ ಮುಗಿದೊಡನೆ ‘ಬಾ’ ಎಂದು ಕರೆದು, ಬಂದಾಗ ಬೇಯಿಸಿದ ಕೋಳಿಮಾಂಸದ ತುಣುಕನ್ನೋ ಪನೀರಿನ ಚೂರನ್ನೋ ಕೊಡಬೇಕು. ಅದು ತಿನ್ನುತ್ತಿರುವಾಗಲೇ ಮಲವನ್ನು ಕಾಗದದಲ್ಲಿ ಎತ್ತಿ ವಿಲೇವಾರಿ ಮಾಡಬೇಕು. ಇದರಿಂದ ಸೊಸೈಟಿಯ ಅಂಗಳವೂ ಶುಚಿಯಾಗಿರುತ್ತದೆ, ನೆರೆಹೊರೆಯವರ ದೂರೂ ತಪ್ಪುತ್ತದೆ. ರಸ್ತೆಯಲ್ಲಿ ಅನ್ಯ ನಾಯಿಗಳ ಮಲದ ಬಳಿ ‘ಬಿಡು’ ಎಂಬ ಆಜ್ಞೆ ಬೇಕಾಗುತ್ತದೆ. ಇದನ್ನು ಮೊದಲು ಮನೆಯೊಳಗೆ ಬಿಸ್ಕತ್ತಿನ ತುಣುಕಿನಿಂದ ಅಭ್ಯಾಸ ಮಾಡಿಸಿ, ಬಿಟ್ಟಾಗಲೆಲ್ಲ ಅದಕ್ಕಿಂತ ರುಚಿಯಾದುದನ್ನು ಕೊಡಬೇಕು. ಆಜ್ಞೆಯೊಂದೇ ಸಾಲದು, ಸರಪಳಿಯೂ ಯಜಮಾನನ ಎಚ್ಚರವೂ ಜೊತೆಗಿರಬೇಕು. ಮನೆಯವರೆಲ್ಲರೂ ಒಂದೇ ಕ್ರಮವನ್ನು ಪಾಲಿಸಬೇಕು; ಒಬ್ಬರು ಸಡಿಲಿಸಿದರೆ ವಾರಗಳ ಶ್ರಮ ವ್ಯರ್ಥ.

ಹೊಡೆಯುವುದು, ಮೂತಿಯನ್ನು ಮಲಕ್ಕೆ ಒತ್ತುವುದು ಸಲ್ಲದು. ಹೆದರಿದ ನಾಯಿ ಯಜಮಾನ ಬರುವುದರೊಳಗೆ ಅವಸರದಿಂದ ನುಂಗಲು ಕಲಿಯುತ್ತದೆ. ಅಸಹ್ಯವೆಂಬುದು ಮನುಷ್ಯನ ಭಾವನೆ. ನಾಯಿಗೆ ಅದನ್ನು ಕಲಿಸಲಾಗದು. ಅದರ ಬಾಯಿಗಿಂತ ಮುಂಚೆ ತನ್ನ ಕೈ ತಲುಪುವಂತೆ ನೋಡಿಕೊಳ್ಳುವುದು ಮಾತ್ರ ಯಜಮಾನನಿಂದ ಸಾಧ್ಯ. ನಾಯಿಯ ಚಟ ಬಿಡಬೇಕಾದರೆ ಯಜಮಾನನು ಮೊದಲು ಈ ಒಳ್ಳೆಯ ಅಭ್ಯಾಸವನ್ನು ಹಿಡಿಯಬೇಕು.