ಹೆಸರಿಲ್ಲದ ಬೋರ್ಡಿನ ವಿಳಾಸ

ಭದ್ರಾವತಿಯ ಗುಜರಿ ಅಂಗಡಿಯೊಂದರಲ್ಲಿ, ಸುಟ್ಟ ಮೋಟಾರು, ಮುರಿದ ಸ್ವಿಚ್ಚುಗಳ ರಾಶಿಯಡಿ, ಅಂಗೈಯಗಲದ ಹಸಿರು ಸರ್ಕ್ಯೂಟ್ ಬೋರ್ಡೊಂದು ನಿಮ್ಮ ಕಣ್ಣಿಗೆ ಬಿತ್ತೆನ್ನಿ. ಕಂಪನಿಯ ಹೆಸರಿಲ್ಲ, ಮಾಡೆಲ್ ನಂಬರಿಲ್ಲ. ಒಂದು ತುದಿಯಿಂದ ಚಪ್ಪಟೆ ಬೂದು ಕೇಬಲ್ ಜೋತುಬಿದ್ದಿದೆ. ‘ಹಳೇ ಕಂಪ್ಯೂಟರಿಂದು ಸಾರ್’ ಅನ್ನುತ್ತಾರೆ ಅಂಗಡಿಯವರು. ನಂಬಬಹುದೇ?

ಈ ಊರಲ್ಲಂತೂ ಕೂಡಲೇ ನಂಬಬಾರದು. 1923ರಲ್ಲಿ ಕುಲುಮೆ ಹೊತ್ತಿಸಿಕೊಂಡ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಇವೆರಡನ್ನೂ ಕಂಡ ಊರಿದು. ಎಂಬತ್ತರ ದಶಕದ ಯಂತ್ರ ನಿಯಂತ್ರಣದ ಪೆಟ್ಟಿಗೆಗಳಲ್ಲೂ ಮನೆ ಕಂಪ್ಯೂಟರಿನ ಚಿಪ್‌ಗಳೇ ಇರುತ್ತಿದ್ದವು. ಹಾಗಾಗಿ ಮೊದಲು ಸ್ಕೇಲು ಹಿಡಿಯಿರಿ. ಬೋರ್ಡು ಸರಿಯಾಗಿ 100 ಮಿ.ಮೀ. ಅಗಲ, 160 ಮಿ.ಮೀ. ಉದ್ದವಿದ್ದು, ಸಾಲಾಗಿ ರಿಲೇಗಳು ಕೂತಿದ್ದರೆ ಅದು ಬಹುಪಾಲು ಕಾರ್ಖಾನೆಯದು.

ಹಾಗಿಲ್ಲವೆಂದಾದರೆ ಅನುಮಾನ ಎರಡು ಯಂತ್ರಗಳ ಮೇಲೆ ಬರುತ್ತದೆ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಶುರುಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ಬಂದದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ; ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು ಇಲ್ಲೂ ತಯಾರಿಸಿತು. ಇನ್ನೊಂದು ಸಿಂಕ್ಲೇರ್ ಸ್ಪೆಕ್ಟ್ರಮ್. ಅದರ ದೇಶಿ ರೂಪ ಪುಣೆಯ ಡೆಸಿಬೆಲ್ಸ್ ಸಂಸ್ಥೆಯ ‘ಡಿಬಿ ಸ್ಪೆಕ್ಟ್ರಮ್’.

ಸ್ಪೆಕ್ಟ್ರಮ್‌ನದು ಬೇಗ ಸಿಕ್ಕಿಬೀಳುತ್ತದೆ. ಆ ಕಂಪ್ಯೂಟರಿನ ಬೆನ್ನಿಗೆ ನೇರ ಕಚ್ಚಿಕೊಳ್ಳುವ ಉದ್ದನೆಯ ಸಾಕೆಟ್ ಅದಕ್ಕಿರುತ್ತದೆ. ಮೇಲೊಂದು ಕೆಳಗೊಂದು ಸಾಲು, ಐದನೇ ಜಾಗದಲ್ಲಿ ಅಡ್ಡ ತುಂಡು. ಆ ತುಂಡು ಅಲಂಕಾರಕ್ಕಲ್ಲ. ಅದಿಲ್ಲದೆ ಸಾಕೆಟ್ ಒಂದೇ ಒಂದು ಪಿನ್ನಿನಷ್ಟು ಜರುಗಿದರೂ 9 ವೋಲ್ಟ್ ಹೋಗಬಾರದ ಕಡೆ ಹೋಗಿ ಕಂಪ್ಯೂಟರೇ ಸುಡಬಹುದು.

ನಮ್ಮ ಬೋರ್ಡಿಗಿರುವುದು ಕೇಬಲ್. ಎಳೆಗಳನ್ನು ಎಣಿಸಿದರೆ 34. ಇಲ್ಲೇ ಹಲವರು ಮುಗ್ಗರಿಸುವುದು. ಬಿಬಿಸಿ ಮೈಕ್ರೋದ ಹೊಟ್ಟೆಯಡಿ 34 ಪಿನ್ನಿನ ಕಿಂಡಿಗಳು ಎರಡಿವೆ: ಒಂದು ಫ್ಲಾಪಿ ಡ್ರೈವಿಗೆ, ಇನ್ನೊಂದು ‘ಒಂದು ಮೆಗಾಹರ್ಟ್ಸ್ ಬಸ್’ ಎಂಬ ಹೆಸರಿನ ವಿಸ್ತರಣಾ ಕಿಂಡಿ. ಕೈಗೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಬೋರ್ಡಿಗೆ ಕರೆಂಟು ಬೇಡ. ಮೀಟರನ್ನು ಬೀಪ್‌ಗೆ ತಿರುಗಿಸಿ, ಒಂದು ಮೊನೆಯನ್ನು ಬೋರ್ಡಿನ ಗ್ರೌಂಡಿಗೆ ಇಟ್ಟು, ಕೆಂಪು ಗೆರೆಯಿರುವ ಎಳೆಯನ್ನು ಒಂದು ಎಂದುಕೊಂಡು ಎಣಿಸುತ್ತ ಹೋಗಿ. 1, 3, 5 ಹೀಗೆ ಬೆಸಸಂಖ್ಯೆಯ ಎಳೆಗಳೆಲ್ಲ ಕೊನೆಯವರೆಗೂ ಬೀಪ್ ಎಂದರೆ ಅದು ಫ್ಲಾಪಿಯ ದಾರಿ. 17ರವರೆಗೆ ಬೀಪ್ ಎಂದು 19ರಿಂದ ಸುಮ್ಮನಾದರೆ ವಿಸ್ತರಣಾ ಬಸ್. ಯಾಕೆಂದರೆ ಅಲ್ಲಿ 18ರಿಂದ 25ರವರೆಗೆ ದತ್ತಾಂಶದ ಎಂಟು ಎಳೆಗಳು, 27ರಿಂದ 34ರವರೆಗೆ ವಿಳಾಸದ ಎಂಟು.

ವಿಳಾಸ ಅಂದೆ. ಕಂಪ್ಯೂಟರಿನೊಳಗೆ ಪ್ರತಿ ಭಾಗಕ್ಕೂ ಒಂದು ಅಂಚೆ ವಿಳಾಸವಿದೆ. ಶಿವಮೊಗ್ಗದ್ದು 577201, ಭದ್ರಾವತಿಯದು 577301. 577 ಎರಡಕ್ಕೂ ಸಮಾನ. ನಾಲ್ಕನೆಯ ಅಂಕಿ ನೋಡಿದಾಗಲೇ ಚೀಲ ಯಾವ ಊರಿಗೆಂದು ಗೊತ್ತಾಗುವುದು. ಸ್ಪೆಕ್ಟ್ರಮ್ ತನ್ನ ವಿಳಾಸದ 16 ಎಳೆಗಳನ್ನೂ ಹೊರಗೆ ಕೊಡುತ್ತದೆ, ವಿಂಗಡಿಸುವ ಕೆಲಸ ಬೋರ್ಡಿನದೇ. ಬಿಬಿಸಿ ಮೈಕ್ರೋ ಹಾಗಲ್ಲ. ಊರನ್ನು ತಾನೇ ವಿಂಗಡಿಸಿ, ಬಸ್ಸಿಗೆ ಬರೀ ಮನೆ ನಂಬರು ಕಳಿಸುತ್ತದೆ. ಆ ಊರುಗಳು ಎರಡು, ತಲಾ 256 ಮನೆ. ಏಕಾರ್ನ್‌ನವರು ಅವಕ್ಕೆ ‘ಫ್ರೆಡ್’, ‘ಜಿಮ್’ ಎಂದು ಹೆಸರಿಟ್ಟಿದ್ದರು. ಕೇಬಲ್ಲಿನ 10ನೇ ಎಳೆ ಫ್ರೆಡ್‌ನದು, 12ನೇದು ಜಿಮ್‌ನದು. ಅವುಗಳ ಜಾಡು ಹಿಡಿದು ಹೋದರೆ ನಮ್ಮ ಬೋರ್ಡು ಯಾವ ಊರಿನದೆಂದು ಗೊತ್ತು.

ವಯಸ್ಸು ತಿಳಿಯಲು ಚಿಪ್‌ಗಳ ಬೆನ್ನು ಓದಬೇಕು. 8634 ಎಂದಿದ್ದರೆ 1986ರ 34ನೇ ವಾರ. ಇರುವುದರಲ್ಲಿ ಎಳೆಯ ಚಿಪ್ ಯಾವುದೋ, ಬೋರ್ಡು ಅದಕ್ಕಿಂತ ಹಳೆಯದಿರಲಾರದು. ಆದರೆ ಸಾಕೆಟ್ಟಿನಲ್ಲಿ ಕೂತ ಚಿಪ್ಪನ್ನು ಸಾಕ್ಷಿಗೆ ಕರೆಯಬೇಡಿ, ಅದನ್ನು ಯಾರಾದರೂ ಯಾವಾಗಲಾದರೂ ಬದಲಿಸಿರಬಹುದು. ಇನ್ನು 7432 ಎಂದಿದ್ದರೆ 1974 ಎಂದು ಹಿಗ್ಗಬೇಡಿ, ಅದು ಚಿಪ್ಪಿನ ಮಾಡೆಲ್ ನಂಬರ್! ಟ್ರಾನ್ಸಿಸ್ಟರಿನ ಮೇಲೆ ಬಿಇಎಲ್, ಕೆಪಾಸಿಟರಿನ ಮೇಲೆ ಕೆಲ್ಟ್ರಾನ್ ಎಂಬ ಹೆಸರು ಕಂಡರೆ ಬೋರ್ಡು ಇಲ್ಲೇ ಹುಟ್ಟಿದ್ದು ಅಥವಾ ಇಲ್ಲೇ ರಿಪೇರಿಯಾದದ್ದು ಎಂದು ಊಹಿಸಬಹುದು.

ಬೋರ್ಡಿನ ಮೇಲಾಗಲಿ ಜೊತೆಗಿದ್ದ ಕಂಪ್ಯೂಟರಿನೊಳಗಾಗಲಿ ಸ್ಟಿಕ್ಕರ್ ಅಂಟಿಸಿದ 28 ಕಾಲಿನ ಚಿಪ್ ಇದ್ದರೆ ನಿಮ್ಮ ಅದೃಷ್ಟ. ಅದು ಇಪ್ರಾಮ್, ಸ್ಟಿಕ್ಕರಿನಡಿ ಗಾಜಿನ ಕಿಟಕಿಯಿದೆ, ನೇರಳಾತೀತ ಬೆಳಕು ಬಿದ್ದರೆ ಒಳಗಿನ ಬರಹ ನಿಧಾನವಾಗಿ ಅಳಿಯುತ್ತದೆ. ಕುತೂಹಲಕ್ಕೂ ಸ್ಟಿಕ್ಕರ್ ಕೀಳಬೇಡಿ. ಓದುವ ಯಂತ್ರಕ್ಕೆ ಹಾಕಿ. ಬಿಬಿಸಿ ಮೈಕ್ರೋದ ಇಂಥ ವಿಸ್ತರಣಾ ಚಿಪ್‌ಗಳಲ್ಲಿ ಹತ್ತನೆಯ ಬೈಟಿನಿಂದ ತಂತ್ರಾಂಶದ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಶುರುವಾಗುತ್ತದೆ, ಮುಂದೆ ಹಕ್ಕುಸ್ವಾಮ್ಯದ ಗುರುತು. ಆ ಗುರುತು ಇಲ್ಲದ ಚಿಪ್ಪನ್ನು ಕಂಪ್ಯೂಟರೇ ಒಪ್ಪುತ್ತಿರಲಿಲ್ಲ. ಹೊರಗೆ ಹೆಸರಿಲ್ಲದ ಬೋರ್ಡು ಒಳಗೆ ಹೆಸರಿಟ್ಟುಕೊಂಡೇ ಕೂತಿರುತ್ತದೆ.

ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಪಿನ್ನುಗಳು ಹಸಿರುಗಟ್ಟಿರುವುದೇ ಹೆಚ್ಚು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಮುಂದಿನ ಮಾತು.

ನಿಮ್ಮ ಶಾಲೆಯ ಉಗ್ರಾಣದಲ್ಲೋ ಮನೆಯ ಅಟ್ಟದ ಮೇಲೋ ಇಂಥದ್ದು ಸಿಕ್ಕರೆ ಗುಜರಿಗೆ ಹಾಕುವ ಮುಂಚೆ ಎರಡೂ ಬದಿಯ ಫೋಟೋ ತೆಗೆಯಿರಿ. ತಾಮ್ರದಾಸೆಗೆ ಆ ಬೂದು ಕೇಬಲ್ಲನ್ನು ಮಾತ್ರ ಕತ್ತರಿಸಬೇಡಿ.