ಅಂಜಿದವರೂ ವಿಶ್ವಾಸಿಗಳೇ

1993ರ ಸೆಪ್ಟೆಂಬರ್ 30. ಗಣಪತಿ ಬಿಟ್ಟು ಬಂದು ಮಲಗಿದ್ದ ಊರುಗಳ ಮೇಲೆ, ನಸುಕಿನ ನಾಲ್ಕು ಹೊಡೆಯುವ ಮೊದಲೇ ಭೂಕಂಪಕ್ಕೆ ಮಾಳಿಗೆಗಳು ಕುಸಿದವು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಬೇಸಿಗೆಯಲ್ಲಿ ತಂಪಾಗಿದ್ದ ಮನೆಗಳೇ ಮಲಗಿದ್ದವರನ್ನು ಹೂತವು. ಮಹಾರಾಷ್ಟ್ರದ ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಸುಮಾರು 10,000 ಜನ ಸತ್ತರು. ಹಿಂದಿನ ವರ್ಷ, 1992ರಲ್ಲೇ, ಕಿಲ್ಲಾರಿಯ ನೆಲ ಮತ್ತೆ ಮತ್ತೆ ಸಣ್ಣಗೆ ನಡುಗಿತ್ತು. ಆ ಸೀಮೆಯವರಿಗೆ ಅಂಜಿಕೆ ಅಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಹೊತ್ತಿನಲ್ಲಿ ‘ದೇವರು ಎಲ್ಲಿದ್ದ?’ ಎಂಬ ಪ್ರಶ್ನೆ ಯಾವ ಧರ್ಮದವರನ್ನೂ ಬಿಡುವುದಿಲ್ಲ. ಕ್ರೈಸ್ತ ಮನೆಗಳಲ್ಲಿ ಅದರ ಜೊತೆಗೆ ಇನ್ನೊಂದು ನೋವು ಸೇರುತ್ತದೆ: ಹೀಗೆ ಕೇಳಿದರೆ ನನ್ನ ವಿಶ್ವಾಸವೇ ಸುಳ್ಳಾಯಿತೇ? ಕೂಟದಲ್ಲಿ ಎಲ್ಲರೂ ಎದ್ದು ಸಾಕ್ಷಿ ಹೇಳುವಾಗ ಸಂದೇಹ ಇದ್ದವರು ತಲೆ ತಗ್ಗಿಸಿ ಕೂತುಬಿಡುತ್ತಾರೆ.

ಅವರು ಹಾಗೆ ಕೂರಬೇಕಾಗಿಲ್ಲ. ಗಡಿಯ ಈಚೆಗೆ ಬೀದರ್, ಹುಮನಾಬಾದ್ ಕಡೆ ಬೇರೂರಿರುವುದು ಮೆಥೋಡಿಸ್ಟ್ ಸಭೆ. ಅದರ ಮೂಲಪುರುಷ ಜಾನ್ ವೆಸ್ಲಿಯ ಬದುಕನ್ನೇ ನೋಡಿ. 1736ರ ಜನವರಿಯಲ್ಲಿ ಆತ ಪಾದ್ರಿಯಾಗಿ ಹಡಗಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದ. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ವಿಶ್ವಾಸಿಗಳು ಸಂಜೆಯ ಆರಾಧನೆಯಲ್ಲಿ ಕೀರ್ತನೆ ಹಾಡುತ್ತಿದ್ದಾಗ ಅಲೆ ಅಪ್ಪಳಿಸಿ ದೊಡ್ಡ ಹಾಯಿ ಚಿಂದಿಯಾಯಿತು, ನೀರು ಒಳಗೆ ನುಗ್ಗಿತು. ಇಂಗ್ಲಿಷರು ಚೀರಿದರು. ಮೊರೇವಿಯನ್ನರು ಹಾಡು ನಿಲ್ಲಿಸಲಿಲ್ಲ. ಭಯವಾಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಒಬ್ಬನನ್ನು ಕೇಳಿದ. ಇಲ್ಲ, ನಮ್ಮ ಹೆಂಗಸರು ಮಕ್ಕಳಿಗೂ ಸಾವಿನ ಭಯವಿಲ್ಲ ಎಂದನಾತ. ಊರಿಗೆಲ್ಲ ಬೋಧಿಸುವ ಪಾದ್ರಿಗೆ ತನ್ನೊಳಗಿನ ಅಂಜಿಕೆ ಎದ್ದು ಕಂಡಿತು.

ಎರಡು ವರ್ಷದ ಬಳಿಕ, ವಿಶ್ವಾಸವಿಲ್ಲದ ನಾನು ಬೋಧಿಸುವುದನ್ನೇ ಬಿಡಬೇಕೆ ಎಂದು ಗೆಳೆಯ ಪೀಟರ್ ಬೋಲರ್‌ನನ್ನು ಕೇಳಿದ. ಬಿಡಬೇಡ, ವಿಶ್ವಾಸ ಸಿಗುವವರೆಗೂ ಅದನ್ನೇ ಬೋಧಿಸು ಎಂಬುದು ಬೋಲರ್‌ನ ಸಲಹೆ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ವೆಸ್ಲಿಯ ಎದೆಗೆ ಭರವಸೆ ಬಂತು. ಸಭೆಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ 1739ರ ಜನವರಿಯಲ್ಲಿ, ತಾನು ಇನ್ನೂ ಕ್ರೈಸ್ತನಾಗಿಲ್ಲ ಎಂದು ಆತ ಬರೆದುಕೊಂಡ. 1766ರಲ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದಲ್ಲೂ ಅದೇ ತಳಮಳವಿದೆ. ಈ ಉಳಿದರ್ಧವನ್ನೂ ಪ್ರಸಂಗಗಳಲ್ಲಿ ಹೇಳಬೇಕು, ಅಂಜಿದವರಿಗೆ ಬೇಕಾದದ್ದು ಅದೇ.

ವೆಸ್ಲಿಯಂತೆಯೇ ಮದರ್ ತೆರೇಸಾ ಕೂಡ ದಶಕಗಳ ಕಾಲ ಒಳಗೆ ಕತ್ತಲೆಯನ್ನೇ ಕಂಡರು ಎಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಎಲ್ಲೆಡೆ ತಿಳಿಯಿತು. ಸೇವೆ ಮಾತ್ರ ನಿಂತಿರಲಿಲ್ಲ.

ಸತ್ಯವೇದವೂ ಸಂದೇಹವನ್ನು ಮುಚ್ಚಿಡುವುದಿಲ್ಲ. ತೋಮನು ಗಾಯ ಮುಟ್ಟದೆ ನಂಬೆನೆಂದ. ಯೇಸು ಅವನನ್ನು ಹೊರಗೆ ಹಾಕಲಿಲ್ಲ, ಕೈ ಚಾಚೆಂದು ಕರೆದನು. ಯೋಬನು ಮಕ್ಕಳನ್ನೆಲ್ಲ ಕಳೆದುಕೊಂಡಾಗ ಗೆಳೆಯರು ಬಂದು ಏಳು ದಿನ ಬಾಯಿ ತೆರೆಯದೆ ನೆಲದ ಮೇಲೆ ಜೊತೆಗೆ ಕೂತರು. ಅಷ್ಟು ಸರಿಯಿತ್ತು. ಆಮೇಲೆ ನಿನ್ನ ಪಾಪದ ಫಲ ಎಂದು ವಾದ ಹೂಡಿದರು. ಕೊನೆಯಲ್ಲಿ ದೇವರ ಕೋಪ ತಿರುಗಿದ್ದು ಆ ಗೆಳೆಯರ ಮೇಲೆ, ಜಗಳವಾಡಿದ ಯೋಬನ ಮೇಲಲ್ಲ.

ಸಭಾಪಾಲಕರು, ಹಿರಿಯರು ಇದನ್ನು ನೆನಪಿಡಬೇಕು. ಸಾವಾದ ಮನೆಗೆ ಹೋಗಿ ‘ನಿಮ್ಮ ವಿಶ್ವಾಸ ಸಾಲದು’ ಎನ್ನುವುದು ಕ್ರೌರ್ಯ. ಹೋಗಿ, ಕೂತುಕೊಳ್ಳಿ, ಅವರು ಹೇಳುವುದನ್ನು ಕೇಳಿ, ಅವರು ಒಪ್ಪಿದರೆ ಪ್ರಾರ್ಥಿಸಿ. ಅಂಜಿಕೆಯಿಂದ ವಾರಗಟ್ಟಲೆ ನಿದ್ದೆ ಊಟ ಬಿಟ್ಟವರನ್ನು ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.