ಮನೆಯಂಗಳದ ಹೂವು ಒಳಗೆ ಬರುವ ಮುನ್ನ

ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಪೂಜೆಯ ಹೂವಿಗೆ ವಿಶೇಷ ಸ್ಥಾನವಿದೆ. ಕೋಯಂಬೇಡು ಮಾರುಕಟ್ಟೆಯಿಂದ ಎಷ್ಟೇ ಹೂವು ತರಿಸಿದರೂ ಹಿತ್ತಿಲಿನಲ್ಲಿಯೋ, ಮಹಡಿಯ ಕುಂಡಗಳಲ್ಲಿಯೋ ಅರಳಿದ ನಾಲ್ಕು ದಾಸವಾಳ, ಒಂದು ಹಿಡಿ ನಂದಿಬಟ್ಟಲು ದೇವರ ಮುಂದೆ ಇರಬೇಕೆಂಬುದು ಹಿರಿಯರಿಂದ ಬಂದ ರೂಢಿ. ವರಮಹಾಲಕ್ಷ್ಮಿ ವ್ರತದಿಂದ ಆರಂಭಿಸಿ ಗೌರಿ-ಗಣೇಶ, ನವರಾತ್ರಿ, ದೀಪಾವಳಿಯವರೆಗೆ ಈ ಹೂವಿನ ಬುಟ್ಟಿ ಬರಿದಾಗುವುದಿಲ್ಲ. ಆದರೆ ಹೂವಿನೊಡನೆ ಇರುವೆ, ಗಿಡಹೇನು, ಕಂಬಳಿಹುಳುಗಳೂ ದೇವರ ಮನೆಗೆ ಬರುತ್ತವೆ. ಹುಳು ಕೊರೆದ ಹೂವು ಪೂಜೆಗೆ ಸಲ್ಲದೆಂಬುದು ಸಂಪ್ರದಾಯ. ಕೀಟವಿರುವ ಹೂವನ್ನು ಮುಡಿಯುವುದು ಆರೋಗ್ಯಕ್ಕೂ ಹಿತವಲ್ಲ. ಹೂವು ಬಾಡದಂತೆ, ಔಷಧಿ ಸಿಂಪಡಿಸದೆ, ಕೀಟಗಳನ್ನು ಹೊರಗೇ ಬಿಟ್ಟುಬರುವ ಬಗೆಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಯಾವ ಹೂವಿನಲ್ಲಿ ಯಾವ ಕೀಟ?

ಎಲ್ಲ ಕೀಟಗಳೂ ಒಂದೇ ಕಾರಣಕ್ಕೆ ಹೂವಿಗೆ ಬರುವುದಿಲ್ಲ. ಜೇನ್ನೊಣ, ದುಂಬಿಗಳು ಮಕರಂದ ಮತ್ತು ಪರಾಗಕ್ಕಾಗಿ ಬಂದುಹೋಗುವ ಅತಿಥಿಗಳು. ಸಸ್ಯರಸ ಹೀರುವ ಗಿಡಹೇನು ಮತ್ತು ಹಿಟ್ಟುತಿಗಣೆಗಳು ಮೊಗ್ಗಿನ ಬುಡದಲ್ಲಿಯೇ ಬೀಡುಬಿಡುತ್ತವೆ. ಇವು ಹೊರಸೂಸುವ ಸಿಹಿಯಾದ ಅಂಟನ್ನು ಸವಿಯಲು ಇರುವೆಗಳು ಸಾಲುಗಟ್ಟುತ್ತವೆ. ಆದುದರಿಂದ ದಾಸವಾಳದ ಗಿಡದಲ್ಲಿ ಇರುವೆಯ ಸಾಲು ಕಂಡರೆ ಮೊಗ್ಗಿನ ಬುಡವನ್ನೊಮ್ಮೆ ಪರೀಕ್ಷಿಸುವುದು ಉಚಿತ.

ಸೇವಂತಿಗೆ, ಚೆಂಡುಹೂವುಗಳ ದಟ್ಟವಾದ ಎಸಳುಗಳ ನಡುವೆ ಒಂದೆರಡು ಮಿಲಿಮೀಟರಿನಷ್ಟೇ ಉದ್ದದ ಥ್ರಿಪ್ಸ್ ಎಂಬ ಕೀಟಗಳು ಅಡಗಿರುತ್ತವೆ. ಮಲ್ಲಿಗೆಯ ಶತ್ರು ಮೊಗ್ಗುಕೊರಕ ಹುಳು. ಮೊಗ್ಗಿನಲ್ಲಿ ದುಂಡನೆಯ ರಂಧ್ರ, ನೇರಳೆ ಬಣ್ಣ, ಅಕ್ಕಪಕ್ಕದ ಮೊಗ್ಗುಗಳನ್ನು ಬೆಸೆದಿರುವ ರೇಷ್ಮೆಯಂತಹ ಎಳೆ ಇವು ಅದರ ಗುರುತುಗಳು. ನಂದಿಬಟ್ಟಲು ಮತ್ತು ಕಣಗಿಲೆಯ ಗಿಡಗಳಲ್ಲಿ, ಕಣ್ಣಿನಂತಹ ನೀಲಿ ಚುಕ್ಕೆಯುಳ್ಳ ದಪ್ಪನೆಯ ಹಸಿರು ಹುಳು ಎಲೆ ತಿನ್ನುತ್ತಿರುವುದನ್ನು ಹಲವರು ಕಂಡಿರಬಹುದು. ಅದು ಪತಂಗವೊಂದರ ಮರಿ, ಕಚ್ಚುವುದಿಲ್ಲ. ಮೈತುಂಬ ರೋಮವಿರುವ ಕಂಬಳಿಹುಳುವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬಾರದು. ಅದರ ರೋಮ ತಾಗಿದಲ್ಲಿ ತುರಿಕೆ, ಉರಿ ಉಂಟಾಗುತ್ತದೆ.

ಇಲ್ಲೊಂದು ಮಾತು. ಕನ್ನಡದಲ್ಲಿ ಅರಳಿ ಎಂದರೆ ಅಶ್ವತ್ಥ ವೃಕ್ಷ. ಇಲ್ಲಿನ ಹೂವಾಡಗಿತ್ತಿಯರ ತಮಿಳಿನಲ್ಲಿ ಅರಳಿ ಎಂದರೆ ಕಣಗಿಲೆ. ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿ. ಅದನ್ನು ಬಿಡಿಸಿದ ಮೇಲೆ ಕೈ ತೊಳೆದುಕೊಳ್ಳುವುದನ್ನೂ, ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳುವುದನ್ನೂ ಮರೆಯಬಾರದು.

ಬಿಡಿಸುವ ಹೊತ್ತು, ಶುಚಿಗೊಳಿಸುವ ಕ್ರಮ

ಸೂರ್ಯೋದಯದ ಹೊತ್ತು ಹೂವು ಬಿಡಿಸಲು ಪ್ರಶಸ್ತ. ಆಗ ಹೂವಿನಲ್ಲಿ ನೀರಿನಂಶ ತುಂಬಿರುತ್ತದೆ. ತಂಪಿನಲ್ಲಿ ಕೀಟಗಳ ಓಡಾಟವೂ ಕಡಿಮೆ. ಬಿಸಿಲೇರಿದ ಮೇಲೆ ಜೇನ್ನೊಣಗಳು ಬರುವುದರಿಂದ ಕುಟುಕಿಸಿಕೊಳ್ಳುವ ಭಯವುಂಟು. ಪಾರಿಜಾತವನ್ನು ನೆಲದಿಂದ ಆರಿಸುವುದಕ್ಕಿಂತ, ರಾತ್ರಿಯೇ ಗಿಡದಡಿ ಶುಭ್ರವಾದ ಬಟ್ಟೆ ಹಾಸಿಟ್ಟು ಬೆಳಗಿನ ಜಾವವೇ ಎತ್ತಿಕೊಂಡರೆ ಮಣ್ಣೂ ಇರುವೆಯೂ ಕಡಿಮೆ.

ಬಿಡಿಸಿದ ಹೂವನ್ನು ತಲೆಕೆಳಗಾಗಿ ಹಿಡಿದು, ಬಿಳಿಯ ಕಾಗದದ ಮೇಲೆ ಎರಡು ಮೂರು ಬಾರಿ ಮೃದುವಾಗಿ ತಟ್ಟಬೇಕು. ಬಿಳಿಯ ಹಿನ್ನೆಲೆಯಲ್ಲಿ ಸಣ್ಣ ಕೀಟಗಳೂ ಕಣ್ಣಿಗೆ ಬೀಳುತ್ತವೆ. ಅನಂತರ ಬುಟ್ಟಿಯನ್ನು ಹೊರಗೇ ನೆರಳಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಇರುವೆ, ದುಂಬಿಗಳು ಬಹುಪಾಲು ತಾವಾಗಿಯೇ ಹೊರಟುಹೋಗುತ್ತವೆ. ಇನ್ನೂ ಉಳಿದಿದ್ದರೆ ಹೂವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಒಂದು ಬದಿಯಲ್ಲಿ ಮಾತ್ರ ಸಣ್ಣ ಕಿಂಡಿ ಬಿಡಬಹುದು. ಪರಾಗ ತಿನ್ನುವ ಸಣ್ಣ ದುಂಬಿಗಳು ಬೆಳಕನ್ನು ಅರಸಿ ಆ ಕಿಂಡಿಯಿಂದ ಹೊರಬೀಳುತ್ತವೆ.

ದಾಸವಾಳದ ವಿಷಯ ಬೇರೆ. ಹಿಟ್ಟುತಿಗಣೆಯ ಮೈಮೇಲಿನ ಬಿಳಿಯ ಪುಡಿ ಒಂದು ಬಗೆಯ ಮೇಣ. ನೀರು ಅದಕ್ಕೆ ಅಂಟುವುದಿಲ್ಲ. ಹೀಗಾಗಿ ನೀರು ಚಿಮುಕಿಸಿದ ಮಾತ್ರಕ್ಕೆ ಅದು ಬಿಡುವುದಿಲ್ಲ. ಮೆತ್ತನೆಯ ಕುಂಚದಿಂದ ತೊಟ್ಟಿನ ಬುಡವನ್ನು ಉಜ್ಜಿ, ಬಳಿಕ ತಣ್ಣೀರಿನಲ್ಲಿ ಅದ್ದಿ ತೆಗೆಯಬೇಕು. ಹೂದಾನಿಯಲ್ಲಿಡುವ ಸುಗಂಧರಾಜ, ಸೇವಂತಿಗೆಗಳ ಕಾಂಡ ಮತ್ತು ಎಲೆಗಳನ್ನು ಒಂದೆರಡು ಹನಿ ಸಾಬೂನು ಬೆರೆಸಿದ ನೀರಿನಿಂದ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಬಹುದು. ಪೂಜೆಯ ಹೂವಿಗೆ ಸಾಬೂನು ಬೇಡ; ಶುದ್ಧ ನೀರೇ ಸಾಕು. ಗುಲಾಬಿಯ ಎಸಳು ಒದ್ದೆಯಾಗಿಯೇ ಉಳಿದರೆ ಕಲೆಗಟ್ಟುತ್ತದೆ. ಅದನ್ನು ತಟ್ಟಿ ಒದರಿದರೆ ಸಾಕು.

ಮಲ್ಲಿಗೆಯನ್ನು ಮೊಗ್ಗಾಗಿಯೇ ಬಿಡಿಸುವುದರಿಂದ ಒಳಗಿನ ಹುಳು ಒದರಿದರೆ ಬೀಳದು. ಕಟ್ಟುವ ಮುನ್ನ ಆರಿಸುವುದೊಂದೇ ದಾರಿ. ಕೆಟ್ಟ ಮೊಗ್ಗುಗಳನ್ನು ಗಿಡದ ಬುಡಕ್ಕೆ ಎಸೆಯಬಾರದು. ಮಲ್ಲಿಗೆಯ ಮೊಗ್ಗನ್ನು ಕೆಡಿಸುವ ಮತ್ತೊಂದು ಕೀಟವಾದ ಮೊಗ್ಗುನೊಣವು ಮಣ್ಣಿನಲ್ಲಿಯೇ ಕೋಶಾವಸ್ಥೆಯನ್ನು ಕಳೆದು ಮತ್ತೆ ಮೇಲೇಳುತ್ತದೆ. ಅಂತಹ ಮೊಗ್ಗುಗಳನ್ನು ಸಾಬೂನು ನೀರಿನಲ್ಲಿ ಮುಳುಗಿಸಿ ಬಿಸಾಡುವುದು ಲೇಸು.

ಔಷಧಿ ಏಕೆ ಬೇಡ?

ಬಿಡಿಸಿದ ಹೂವಿನ ಮೇಲೆ ಜಿರಲೆ, ಸೊಳ್ಳೆಗಳ ಔಷಧಿಯನ್ನು ಸಿಂಪಡಿಸುವುದು ಸರ್ವಥಾ ಸಲ್ಲದು. ಆ ಹೂವನ್ನೇ ನಾವು ಮುಡಿಯುತ್ತೇವೆ, ಕಣ್ಣಿಗೊತ್ತಿಕೊಳ್ಳುತ್ತೇವೆ, ಪ್ರಸಾದದೊಡನೆ ಮಕ್ಕಳ ಕೈಗೂ ಕೊಡುತ್ತೇವೆ. ಅಲ್ಲದೆ ಎಲ್ಲ ಕೀಟಗಳೂ ಶತ್ರುಗಳಲ್ಲ. ಗುಲಗಂಜಿ ಹುಳು ಗಿಡಹೇನುಗಳನ್ನು ತಿಂದು ನಮಗೆ ಉಪಕರಿಸುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ ದಾಸವಾಳವನ್ನೂ ಬಿಡದೆ ತಮಿಳುನಾಡು, ಕರ್ನಾಟಕಗಳಲ್ಲಿ ಹಬ್ಬಿತು. ಅದನ್ನು ಹತೋಟಿಗೆ ತಂದದ್ದು ಒಂದು ಪುಟ್ಟ ಪರಾವಲಂಬಿ ಕಣಜ. ಬೆಂಗಳೂರಿನ ಕೇಂದ್ರೀಯ ಕೀಟ ಸಂಶೋಧನಾ ಸಂಸ್ಥೆಯೊಂದು 2010ರಲ್ಲಿ ಅದನ್ನು ವಿದೇಶದಿಂದ ತರಿಸಿ, ಬೆಳೆಸಿ, ಹಂಚಿತು. ಮಹಡಿಯ ತೋಟಕ್ಕೆ ಕಂಡಕಂಡ ಔಷಧಿ ಹೊಡೆದರೆ ಇಂತಹ ಮಿತ್ರಕೀಟಗಳೇ ಮೊದಲು ಸಾಯುತ್ತವೆ.

ಒಳಗೆ ಬಂದ ಮೇಲೆ

ಹೂವಿನೊಡನೆ ಬರುವ ಕೀಟಗಳಿಗಿಂತ ಹೆಚ್ಚಿನ ಅಪಾಯ, ಹೂವಿಗಾಗಿ ಇಟ್ಟ ನೀರಿನಲ್ಲಿ ಹುಟ್ಟುವ ಸೊಳ್ಳೆಯದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯೊಳಗಿನ ತಿಳಿನೀರಿನಲ್ಲಿಯೂ ಮೊಟ್ಟೆಯಿಡುತ್ತದೆ. ಹೂದಾನಿ, ಬಾಗಿಲ ಬಳಿ ಹೂವು ತೇಲಿಬಿಡುವ ಉರುಳಿ ಇವೆರಡೂ ಅದಕ್ಕೆ ಪ್ರಿಯ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದಿದ್ದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಭಾಗವನ್ನು ನಾರಿನಿಂದ ತಿಕ್ಕಿ ತೊಳೆಯಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಇಲ್ಲಿನ ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬಾರದು.

ಮುಡಿದ ಹೂವಿನಿಂದ ಸಣ್ಣ ಹುಳು ಕಿವಿಯೊಳಗೆ ಹೊಕ್ಕರೆ ಪಿನ್ನು, ಕಡ್ಡಿ ಹಾಕಿ ತೆಗೆಯಲು ಯತ್ನಿಸಬಾರದು. ಕಿವಿ ಸೋರುವಿಕೆಯಾಗಲಿ, ತಮಟೆಯಲ್ಲಿ ರಂಧ್ರವಾಗಲಿ ಇಲ್ಲದವರಿಗೆ ಉಗುರುಬೆಚ್ಚಗಿನ ಅಡುಗೆಯ ಎಣ್ಣೆ ಕೆಲವು ಹನಿ ಬಿಟ್ಟರೆ ಹುಳುವಿನ ಚಲನೆ ನಿಲ್ಲುತ್ತದೆ. ಬಳಿಕ ವೈದ್ಯರ ಬಳಿ ಹೋಗಿ ತೆಗೆಸಿಕೊಳ್ಳುವುದೇ ಸರಿ.

ಇದಿಷ್ಟಕ್ಕೂ ದಿನಕ್ಕೆ ಅರ್ಧ ಗಂಟೆ ಸಾಕು. ಈ ಕೆಲಸದಲ್ಲಿ ಮಕ್ಕಳನ್ನೂ ಜೊತೆಗೆ ಕೂಡಿಸಿಕೊಂಡರೆ, ಬಿಳಿಯ ಕಾಗದದ ಮೇಲೆ ಬಿದ್ದ ಗುಲಗಂಜಿ ಹುಳುವನ್ನು ಅವರೇ ಗಿಡಕ್ಕೆ ಮರಳಿ ಬಿಡುವುದನ್ನು ಕಲಿಯುತ್ತಾರೆ. ಹೂವುಗಳ ಕನ್ನಡ ಹೆಸರುಗಳೂ ಅವರ ನಾಲಿಗೆಯ ಮೇಲೆ ಉಳಿಯುತ್ತವೆ.